ಕಾಳಿ ನದಿಯ ಬಿಸಿ, ಮೀನು ಮತ್ತು ಊರಿನ ಸದ್ದು: ಅಳೆದು ನಮಗೂ ತಿಳಿಸಿ

ಗೆ,
ಮಾನ್ಯ ಜಿಲ್ಲಾಧಿಕಾರಿಗಳು,
ಉತ್ತರ ಕನ್ನಡ ಜಿಲ್ಲೆ, ಕಾರವಾರ.

ವಿಷಯ: ಕೈಗಾ ಅಣು ವಿದ್ಯುತ್ ಸ್ಥಾವರದ ಸುತ್ತಮುತ್ತ ಕಾಳಿ ನದಿಯ ನೀರಿನ ಉಷ್ಣತೆ, ಮೀನು ಸಂತತಿ ಹಾಗೂ ಹಳ್ಳಿಗಳ ಶಬ್ದಮಟ್ಟವನ್ನು ಸ್ವತಂತ್ರ ಸಂಸ್ಥೆಯಿಂದ ಅಳೆಸಿ, ಕನ್ನಡದಲ್ಲಿ ಪ್ರಕಟಿಸುವ ಕುರಿತು ಮನವಿ.

ಮಾನ್ಯರೇ,

ನಾನು ಕದ್ರಾ ಸಮೀಪದ ನದಿದಂಡೆಯ ಊರಿನವನು. ನಮ್ಮದು ಬಲೆ ಬೀಸಿ ಬದುಕಿದ ಮನೆತನ. ನಾನು ಮಾತ್ರ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುವ ಕೆಲಸ ಹಿಡಿದೆ. ಸ್ಥಾವರವನ್ನು ಮುಚ್ಚಿ ಎಂದು ಕೇಳಲು ಈ ಪತ್ರ ಬರೆಯುತ್ತಿಲ್ಲ. ಅದು ಬೇಕೇ ಬೇಡವೇ ಎಂಬ ವಾದ ಈ ಜಿಲ್ಲೆಯಲ್ಲಿ 1980ರ ದಶಕದಿಂದ ನಡೆದಿದೆ, ಎರಡೂ ಕಡೆಯ ಮಾತುಗಳನ್ನು ಕೇಳುತ್ತಲೇ ನಾನು ಬೆಳೆದೆ. ನನ್ನ ಊರಿನ ಹಲವು ಮನೆಗಳಿಗೆ ಸ್ಥಾವರದ ಕೆಲಸದಿಂದಲೇ ಅನ್ನ ಬರುತ್ತಿದೆ. ನಾನು ಕೇಳುತ್ತಿರುವುದು ಅದಕ್ಕಿಂತ ಸಣ್ಣದು, ಆದರೆ ನಮ್ಮ ಪಾಲಿಗೆ ತುಂಬ ದೊಡ್ಡದು. ಸ್ಥಾವರ ಇರುವವರೆಗೂ ಅದರ ಮಗ್ಗುಲಲ್ಲಿ ಬಾಳುವವರು ನಾವು. ನಮ್ಮ ನದಿ ಎಷ್ಟು ಬಿಸಿಯಾಗುತ್ತಿದೆ, ನಮ್ಮ ಮೀನು ಏನಾಗುತ್ತಿದೆ, ನಮ್ಮ ರಾತ್ರಿಗಳಲ್ಲಿ ಎಷ್ಟು ಸದ್ದು ಇದೆ ಎಂಬುದನ್ನು ಸ್ಥಾವರ ನಡೆಸದ ಕೈಗಳು ಅಳೆಯಬೇಕು, ಅಳೆದದ್ದು ನಮಗೆ ತಿಳಿಯಬೇಕು.

ತಮಗೇ ಏಕೆ ಬರೆಯುತ್ತಿದ್ದೇನೆ ಎಂದರೆ, ಸ್ಥಾವರದ ಬೇಲಿಯ ಹೊರಗಿನ ತುರ್ತುಸ್ಥಿತಿ ಯೋಜನೆಯ ಹೊಣೆ ಜಿಲ್ಲಾಡಳಿತದ್ದು. 16 ಕಿಲೋಮೀಟರ್ ತ್ರಿಜ್ಯದೊಳಗಿನ ಹಳ್ಳಿಗಳನ್ನು ಆಪತ್ತಿನಲ್ಲಿ ಹೇಗೆ ಕಾಪಾಡಬೇಕು ಎಂಬ ಅಣಕು ಕಾರ್ಯಾಚರಣೆಗೆ ತಮ್ಮ ಕಚೇರಿಯೇ ಮುಂದೆ ನಿಲ್ಲುತ್ತದೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ಕ್ರಮ ಕೈಗೊಳ್ಳುವ ಪ್ರಾಧಿಕಾರಗಳಲ್ಲಿಯೂ ಜಿಲ್ಲಾ ದಂಡಾಧಿಕಾರಿಗಳ ಹೆಸರಿದೆ. ನದಿ, ಅಣೆಕಟ್ಟು, ಮೀನು, ರಸ್ತೆ, ಆರೋಗ್ಯ ಇವೆಲ್ಲ ಬೇರೆ ಬೇರೆ ಇಲಾಖೆಗಳ ಕಡತಗಳಲ್ಲಿ ಇದ್ದರೂ, ಆ ಇಲಾಖೆಗಳನ್ನೆಲ್ಲ ಒಂದು ಮೇಜಿನ ಸುತ್ತ ಕೂರಿಸುವ ಅಧಿಕಾರ ಈ ಜಿಲ್ಲೆಯಲ್ಲಿ ಇರುವುದು ತಮಗೊಬ್ಬರಿಗೇ.

ಮೊದಲು ಬಿಸಿಯ ವಿಚಾರ. ಕೈಗಾದಲ್ಲಿ ಈಗ ತಲಾ 220 ಮೆಗಾವ್ಯಾಟಿನ ನಾಲ್ಕು ಘಟಕಗಳಿವೆ. ಮೊದಲ ಎರಡು 2000ನೇ ಇಸವಿಯಲ್ಲಿ, ಮೂರನೆಯದು 2007ರಲ್ಲಿ, ನಾಲ್ಕನೆಯದು 2011ರಲ್ಲಿ ವಾಣಿಜ್ಯ ಉತ್ಪಾದನೆ ಆರಂಭಿಸಿದವು. ಒಟ್ಟು 880 ಮೆಗಾವ್ಯಾಟ್ ವಿದ್ಯುತ್. ಆದರೆ ಈ ಬಗೆಯ ರಿಯಾಕ್ಟರಿನಲ್ಲಿ ಹುಟ್ಟುವ ಶಾಖದ ಮೂರನೇ ಒಂದು ಪಾಲು ಕೂಡ ವಿದ್ಯುತ್ತಾಗುವುದಿಲ್ಲ. ಉಳಿದದ್ದು ಉಗಿಯನ್ನು ತಣಿಸಿ ಮತ್ತೆ ನೀರಾಗಿಸುವ ಕಂಡೆನ್ಸರ್ ಮೂಲಕ ನೀರಿಗೆ ಹೋಗುತ್ತದೆ. ನಾಲ್ಕೂ ಘಟಕಗಳು ಪೂರ್ತಿ ನಡೆಯುವಾಗ 2,000 ಮೆಗಾವ್ಯಾಟಿಗೂ ಮೀರಿದ ಶಾಖವನ್ನು ಕದ್ರಾ ಜಲಾಶಯ ಹಗಲೂ ರಾತ್ರಿ ಹೊತ್ತುಕೊಳ್ಳುತ್ತದೆ. ಜಲಾಶಯದಿಂದ ನೀರೆತ್ತಿ, ಕಂಡೆನ್ಸರಿನಲ್ಲಿ ಹಾಯಿಸಿ, ಬೆಚ್ಚಗಾದದ್ದನ್ನು ಮತ್ತೆ ಜಲಾಶಯಕ್ಕೇ ಬಿಡುವ ಪದ್ಧತಿ ಇಲ್ಲಿಯದು. ಇದರಲ್ಲಿ ಗುಟ್ಟೇನೂ ಇಲ್ಲ, ತಪ್ಪೂ ಇಲ್ಲ. ಆ ಯಂತ್ರ ಕೆಲಸ ಮಾಡುವ ರೀತಿಯೇ ಅದು. ಆದರೆ ಆ ಬಿಸಿ ನೀರು ಎಲ್ಲಿಯವರೆಗೆ ಹರಡುತ್ತದೆ, ಎಷ್ಟು ಆಳಕ್ಕೆ ಇಳಿಯುತ್ತದೆ, ಏಪ್ರಿಲ್–ಮೇ ತಿಂಗಳಲ್ಲಿ ಜಲಾಶಯದ ಮಟ್ಟ ತಗ್ಗಿದಾಗ ಏನಾಗುತ್ತದೆ ಎಂಬುದು ದಂಡೆಯ ಮೇಲಿರುವವರಿಗೆ ದಿನದಿನಕ್ಕೆ ತಿಳಿಯಬೇಕಾದ ಸಂಗತಿ.

ಬೆಚ್ಚಗಿನ ನೀರು ಮೀನಿಗೆ ಎರಡು ಕಡೆಯಿಂದ ಹೊಡೆತ ಕೊಡುತ್ತದೆ. 25 ಡಿಗ್ರಿ ಸೆಲ್ಸಿಯಸ್ ಇರುವ ಸಿಹಿನೀರು ಒಂದು ಲೀಟರಿಗೆ ಹೆಚ್ಚೆಂದರೆ 8.3 ಮಿಲಿಗ್ರಾಂ ಆಮ್ಲಜನಕವನ್ನು ಕರಗಿಸಿಕೊಳ್ಳಬಲ್ಲದು. 35 ಡಿಗ್ರಿಗೆ ಅದು ಸುಮಾರು 7 ಮಿಲಿಗ್ರಾಂಗೆ ಇಳಿಯುತ್ತದೆ. ಅದೇ ಹೊತ್ತಿಗೆ, ಬಿಸಿ ಏರಿದಂತೆ ಮೀನಿನ ಮೈಯೊಳಗಿನ ಕ್ರಿಯೆಗಳು ಚುರುಕಾಗಿ ಅದಕ್ಕೆ ಬೇಕಾದ ಆಮ್ಲಜನಕ ಹೆಚ್ಚುತ್ತದೆ. ಸಿಗುವುದು ಕಡಿಮೆ, ಬೇಕಾಗುವುದು ಹೆಚ್ಚು. ದೊಡ್ಡ ಮೀನು ಈಜಿ ದೂರ ಹೋಗಬಹುದು. ಮೊಟ್ಟೆ, ಮರಿಗಳಿಗೆ ಆ ಶಕ್ತಿ ಇಲ್ಲ. ಕಂಡೆನ್ಸರಿಗೆ ನೀರೆತ್ತುವ ಬಾಯಿಯಲ್ಲಿ ಜರಡಿಗಳಿರುತ್ತವೆ. ಅವಕ್ಕೆ ದೊಡ್ಡ ಮೀನು ಸಿಕ್ಕಿಕೊಳ್ಳುವುದು, ಕಣ್ಣಿಗೆ ಕಾಣದಷ್ಟು ಸಣ್ಣ ಮರಿ ಮತ್ತು ಮೊಟ್ಟೆಗಳು ಅವುಗಳ ಮೂಲಕ ನುಸುಳಿ ಬಿಸಿ ಕೊಳವೆಗಳೊಳಗೆ ಹಾದುಹೋಗುವುದು, ಇವೆರಡೂ ಜಗತ್ತಿನ ಅನೇಕ ನದಿದಂಡೆಯ ಸ್ಥಾವರಗಳಲ್ಲಿ ಅಧ್ಯಯನಕ್ಕೆ ಒಳಪಟ್ಟಿರುವ ವಿಷಯಗಳು. ಕೊಳವೆಗಳಲ್ಲಿ ಪಾಚಿ ಕಟ್ಟದಿರಲೆಂದು ಕ್ಲೋರಿನ್ ಬಳಸುವುದೂ ಸ್ಥಾವರಗಳಲ್ಲಿ ಸಾಮಾನ್ಯ. ಅದರ ಶೇಷವನ್ನು ಕೂಡ ಅಳೆಯಬೇಕಾಗುತ್ತದೆ.

ಇನ್ನೊಂದು ಅಪಾಯ ಹೊರಗಿನವರಿಗೆ ತಟ್ಟನೆ ಹೊಳೆಯುವುದಿಲ್ಲ. ಬೆಚ್ಚಗಿನ ನೀರಿಗೆ ಒಗ್ಗಿದ ಮೀನಿಗೆ ಸ್ಥಾವರ ಹಠಾತ್ತಾಗಿ ನಿಂತಾಗ ಬರುವ ತಂಪು ಕೂಡ ಆಘಾತವೇ. 1ನೇ ಘಟಕ 2018ರ ಡಿಸೆಂಬರ್ 31ರವರೆಗೆ 962 ದಿನ ಎಡೆಬಿಡದೆ ನಡೆದು ಅಂದಿಗೆ ವಿಶ್ವದಾಖಲೆ ಮಾಡಿತು. ಅಲ್ಲಿ ದುಡಿಯುವ ನನ್ನ ಊರಿನವರು ಅದನ್ನು ಹೆಮ್ಮೆಯಿಂದ ಹೇಳುತ್ತಾರೆ, ನನಗೂ ಹೆಮ್ಮೆಯಿದೆ. ಮೀನಿನ ದೃಷ್ಟಿಯಿಂದಲೂ ಏರಿಳಿತವಿಲ್ಲದ ಓಟ ಒಳ್ಳೆಯದೇ ಇರಬಹುದು. ಆ 962 ದಿನಗಳ ನೀರಿನ ಉಷ್ಣತೆಯೂ ಮೀನಿನ ಲೆಕ್ಕವೂ ಪಕ್ಕಪಕ್ಕ ಬರೆದಿಟ್ಟು ಜನರ ಮುಂದೆ ಇದ್ದಿದ್ದರೆ ಎಂಥ ಅಮೂಲ್ಯ ಪಾಠವಾಗುತ್ತಿತ್ತು!

ನಾನು ಕಣ್ಣಾರೆ ಕಂಡದ್ದನ್ನೂ ಹೇಳಬೇಕು. ಹಿನ್ನೀರಿನಲ್ಲಿ ಬೀಸುಬಲೆ ಹಿಡಿದು ನಿಲ್ಲುವ ಹಿರಿಯರೊಬ್ಬರ ಜೊತೆ ನಾನು ಆಗಾಗ ಹೋಗುತ್ತೇನೆ. ಬಲೆ ಬೀಸುವ ಮುಂಚೆ ಅವರು ಮೊಣಕಾಲುದ್ದ ನೀರಿಗಿಳಿದು ಸುಮ್ಮನೆ ನಿಲ್ಲುತ್ತಾರೆ. ಮೇಲಿನ ಪದರ ಬೆಚ್ಚಗಿದೆಯೇ, ಪಾದದ ಬುಡದಲ್ಲಿ ತಂಪಿದೆಯೇ ಎಂದು ನೋಡುತ್ತಾರೆ. ತಂಪು ಸಿಗದಿದ್ದರೆ ಜಾಗ ಬದಲಿಸುತ್ತಾರೆ. ಬಲೆಯನ್ನು ಎಡ ಮೊಣಕೈಗೆ ಹಾಕಿಕೊಂಡು, ಅಂಚಿನ ಸೀಸದ ಗುಂಡುಗಳನ್ನು ಬೆರಳಿನಿಂದ ಬಿಡಿಸುತ್ತ, ಮುಂಚೆ ಈ ಮೂಲೆಯಲ್ಲಿ ಇಂಥ ಮೀನು ಬರುತ್ತಿತ್ತು, ಈಗ ಬರುವುದು ಬೇರೆ ಎಂದು ಹೇಳುತ್ತಾರೆ. ಯಾಕೆ ಎಂದು ಕೇಳಿದರೆ ಅವರು ಯಾರನ್ನೂ ದೂರುವುದಿಲ್ಲ. ಅಣೆಕಟ್ಟೋ, ಬಿಸಿಯೋ, ಮಳೆಯೋ, ತಮಗೆ ಗೊತ್ತಿಲ್ಲ ಎನ್ನುತ್ತಾರೆ. ಅವರ ಪ್ರಾಮಾಣಿಕತೆಯನ್ನೇ ನಾನೂ ಇಟ್ಟುಕೊಳ್ಳಲು ಬಯಸುತ್ತೇನೆ. ಮೀನು ಕಡಿಮೆಯಾಗಿದ್ದರೆ ಅದು ಸ್ಥಾವರದಿಂದಲೇ ಆಯಿತು ಎಂದು ನಾನು ಹೇಳುತ್ತಿಲ್ಲ. ಹಾಗೆ ಹೇಳಲು ಬೇಕಾದ ಅಂಕಿಅಂಶ ನಮ್ಮ ಕೈಯಲ್ಲಿಲ್ಲ. ಅದರಿಂದ ಆಗಿಲ್ಲ ಎನ್ನುವವರೂ ಆ ಅಂಕಿಅಂಶವನ್ನು ನಮ್ಮ ಮುಂದೆ ಇಟ್ಟಿಲ್ಲ.

ಕಾಳಿ ಸರಳ ನದಿಯಲ್ಲ. ಜೋಯಿಡಾದ ಕಾಡಿನಲ್ಲಿ ಹುಟ್ಟಿ ಸದಾಶಿವಗಡದ ಬಳಿ ಸಮುದ್ರ ಸೇರುವ 184 ಕಿಲೋಮೀಟರ್ ಉದ್ದದಲ್ಲಿ ಸುಪಾ, ಕೊಡಸಳ್ಳಿ, ಕದ್ರಾ ಎಂದು ಅಣೆಕಟ್ಟುಗಳ ಸಾಲೇ ಇದೆ. ಸ್ಥಾವರಕ್ಕೆ ಮೇಲೆ ಕೊಡಸಳ್ಳಿ, ಕೆಳಗೆ ಕದ್ರಾ. ವಿದ್ಯುತ್ತಿನ ಬೇಡಿಕೆ ಏರಿದಾಗ ನೀರು ಬಿಡುತ್ತಾರೆ, ಇಳಿದಾಗ ತಡೆಯುತ್ತಾರೆ. ಗೋಡೆ ಕಟ್ಟಿದ ಮೇಲೆ ಕೆಳಗಿನ ಮೀನು ಮೇಲೆ ಹತ್ತಿ ಮೊಟ್ಟೆಯಿಡುವ ದಾರಿ ಮುಚ್ಚಿತು. ಜಲಾಶಯಗಳಿಗೆ ಕಾಟ್ಲಾ, ರೋಹು ಮರಿಗಳನ್ನು ಬಿಡುವ ರೂಢಿ ಬಂದ ಮೇಲೆ, ಬಲೆಗೆ ಬಿದ್ದ ಮೀನಿನ ಒಟ್ಟು ತೂಕ ನೋಡಿ ನದಿ ಚೆನ್ನಾಗಿದೆ ಎನ್ನಲಾಗದು. ಬಿಟ್ಟ ಮರಿ ಬೆಳೆದು ತೂಕ ಹೆಚ್ಚಿರಬಹುದು, ನದಿಯ ಸ್ವಂತ ಮೀನು ಅದೇ ಹೊತ್ತಿನಲ್ಲಿ ಅಳಿದಿರಬಹುದು. ಕಾಳಿಯ ಮಹಶೀರ್‌ನಂಥ ಮೀನುಗಳಿಗೆ ಇದು ನಿಜಕ್ಕೂ ಪ್ರಾಣದ ಪ್ರಶ್ನೆ. ಕದ್ರಾದ ಕೆಳಗೆ ಉಬ್ಬರದ ನೀರು ಒಳಬರುವ ಭಾಗದ ಕತೆಯೇ ಬೇರೆ. ಅಲ್ಲಿ ನೊಗಲಿ, ಶೇವಟೆ ಮೀನು ಮಾರುವ, ಬಳಚು ಚಿಪ್ಪು ಆರಿಸಿ ಮಾರುವ ಹೆಂಗಸರ ಬುಟ್ಟಿಯಲ್ಲಿ ಸಿಹಿನೀರು ಮತ್ತು ಉಪ್ಪುನೀರಿನ ಹೊಂದಾಣಿಕೆ ದಿನವೂ ಕಾಣುತ್ತದೆ.

ಇಷ್ಟು ಕಾರಣಗಳು ಹೆಣೆದುಕೊಂಡಿರುವುದರಿಂದಲೇ, ಯಾರದು ಎಷ್ಟು ಪಾಲು ಎಂದು ಬಿಡಿಸಲು ಎಲ್ಲವನ್ನೂ ಒಂದೇ ಕಾಲದಲ್ಲಿ ಅಳೆಯಬೇಕು. ಅಣೆಕಟ್ಟಿನ ನಿಗಮ ತನ್ನ ನೀರಿನ ಮಟ್ಟ ಬರೆದುಕೊಳ್ಳುತ್ತದೆ, ಸ್ಥಾವರ ತನ್ನ ಉಷ್ಣತೆ ಬರೆದುಕೊಳ್ಳುತ್ತದೆ, ಮೀನುಗಾರಿಕೆ ಇಲಾಖೆ ತನ್ನ ಲೆಕ್ಕ ಇಡುತ್ತದೆ. ಈ ಪುಸ್ತಕಗಳನ್ನು ಒಂದೇ ದಿನಾಂಕಕ್ಕೆ ತೆರೆದು ಒಟ್ಟಿಗೆ ಓದಿದಾಗ ಮಾತ್ರ ನದಿಯ ಕತೆ ಗೊತ್ತಾಗುತ್ತದೆ.

ಕೈಗಾದಲ್ಲಿ ಅಳತೆಯೇ ನಡೆಯುವುದಿಲ್ಲ ಎಂಬ ಆರೋಪ ನನ್ನದಲ್ಲ. ವಿಕಿರಣದ ಮಟ್ಟಿಗೆ ಅಲ್ಲಿ ಭಾಭಾ ಅಣು ಸಂಶೋಧನಾ ಕೇಂದ್ರದ ಪರಿಸರ ಸಮೀಕ್ಷಾ ಪ್ರಯೋಗಾಲಯವಿದೆ. ಸ್ಥಾವರ ಶುರುವಾಗುವ ಮೊದಲೇ ಮಂಗಳೂರು ವಿಶ್ವವಿದ್ಯಾಲಯದವರು ಇಲ್ಲಿನ ಮಣ್ಣು, ನೀರು, ಗಿಡಗಳಲ್ಲಿನ ವಿಕಿರಣದ ಮೂಲಮಟ್ಟವನ್ನು ಅಧ್ಯಯನ ಮಾಡಿದ್ದರು. ಸಾರ್ವಜನಿಕರಿಗೆ ವರ್ಷಕ್ಕೆ 1 ಮಿಲಿಸೀವರ್ಟ್ (ದೇಹಕ್ಕೆ ತಗಲುವ ವಿಕಿರಣದ ಅಳತೆ) ಎಂಬ ಮಿತಿ ಇದೆ. ಪ್ರಕಟವಾಗುವ ವರದಿಗಳ ಪ್ರಕಾರ ಇಲ್ಲಿನ ಪ್ರಮಾಣ ಅದರ ಸಣ್ಣ ಅಂಶ. ಬಿಸಿ ನೀರಿನ ಪರಿಣಾಮದ ಬಗ್ಗೆಯೂ ವಿಜ್ಞಾನಿಗಳು ಅಧ್ಯಯನ ಮಾಡಿದ್ದಾರೆ. ಆದರೆ ಎಂದೋ ಒಮ್ಮೆ ಮಾಡಿದ ಅಧ್ಯಯನ ಬೇರೆ, ವರ್ಷದುದ್ದಕ್ಕೂ ನಡೆಯುವ ನಿಗಾ ಬೇರೆ. ಅಧ್ಯಯನದ ಫಲ ಪ್ರಬಂಧವಾಗಿ ಗ್ರಂಥಾಲಯ ಸೇರುತ್ತದೆ. ನಿಗಾದ ಫಲ ಆ ವಾರವೇ ಯಾರೋ ಒಬ್ಬರನ್ನು ಎಚ್ಚರಿಸುತ್ತದೆ.

ನಿರಂತರ ನಿಗಾ ಏಕೆ ಬೇಕು ಎಂಬುದಕ್ಕೆ ಕೈಗಾದ್ದೇ ಉದಾಹರಣೆ ಇದೆ. 2009ರ ನವೆಂಬರಿನಲ್ಲಿ ಒಳಗಿನ ಒಂದು ವಾಟರ್ ಕೂಲರಿನ ನೀರಿಗೆ ಟ್ರಿಟಿಯಂ ಎಂಬ ವಿಕಿರಣ ಸೂಸುವ ಜಲಜನಕ ಸೇರಿ, ಅದನ್ನು ಕುಡಿದ ಐವತ್ತಕ್ಕೂ ಹೆಚ್ಚು ಕಾರ್ಮಿಕರ ದೇಹದಲ್ಲಿ ಅದರ ಅಂಶ ಕಂಡುಬಂತು. ಅದು ಹೇಗೆ ಗೊತ್ತಾಯಿತು? ಕಾರ್ಮಿಕರ ಮೂತ್ರದ ಮಾದರಿಯನ್ನು ತಪ್ಪದೆ ಪರೀಕ್ಷಿಸುವ ಪದ್ಧತಿ ಅಲ್ಲಿ ಇದ್ದುದರಿಂದ. ಆ ಪರೀಕ್ಷೆ ಇಲ್ಲದಿದ್ದರೆ ಎಷ್ಟು ದಿನ ಯಾರ ಅರಿವಿಗೂ ಬಾರದೆ ಹೋಗುತ್ತಿತ್ತೋ. ಒಳಗಿನ ಕಾರ್ಮಿಕನಿಗೆ ಸಲ್ಲುವ ಈ ಎಚ್ಚರ ಹೊರಗಿನ ಮೀನಿಗೂ, ಮೀನು ತಿನ್ನುವವರಿಗೂ, ನಿದ್ದೆಗೆಟ್ಟವರಿಗೂ ಸಲ್ಲಲಿ ಎಂಬುದು ನನ್ನ ಬೇಡಿಕೆ.

ಈಗ ಸದ್ದಿನ ವಿಚಾರ. ಇದನ್ನು ಸಣ್ಣದೆಂದು ತಳ್ಳಿಹಾಕಬೇಡಿ ಎಂದು ಕೈಮುಗಿದು ಕೇಳುತ್ತೇನೆ. ನಮ್ಮದು ಬೆಟ್ಟಗಳ ನಡುವಿನ ಕಣಿವೆ. ರಾತ್ರಿ ಹತ್ತರ ನಂತರ ಇಲ್ಲಿ ಕೇಳುವುದು ಜೀರುಂಡೆ, ಹಳ್ಳದ ನೀರು, ದೂರದಲ್ಲಿ ಒಂದು ನಾಯಿ. ಇಂಥ ಮೌನದಲ್ಲಿ ಎಲ್ಲಿಂದಲೋ ಏಳುವ ಭೋರ್ಗರೆತ ಪಟ್ಟಣದವರ ಕಿವಿಗಿಂತ ನಮ್ಮ ಕಿವಿಗೆ ಬಹಳ ಜೋರಾಗಿ ಕೇಳಿಸುತ್ತದೆ. ಚಳಿಗಾಲದ ರಾತ್ರಿಗಳಲ್ಲಿ ನೆಲದ ಹತ್ತಿರ ತಂಪು ಗಾಳಿ, ಮೇಲೆ ಬೆಚ್ಚಗಿನ ಗಾಳಿ ನಿಂತಾಗ ಸದ್ದು ಮೇಲಕ್ಕೆ ಚದುರದೆ ಬಾಗಿ ಕಣಿವೆಗೇ ಮರಳುತ್ತದೆ, ಬಹುದೂರ ಸಾಗುತ್ತದೆ. ಇದು ಶಾಲೆಯಲ್ಲಿ ಮಕ್ಕಳಿಗೆ ನಾನೇ ಕಲಿಸುವ ಪಾಠ.

ಒಂದು ರಾತ್ರಿ ಅಂಥ ಸದ್ದಿಗೆ ನಮ್ಮ ಕೇರಿಯೆಲ್ಲ ಎದ್ದು ಅಂಗಳಕ್ಕೆ ಬಂದಿತ್ತು. ದೊಡ್ಡ ಕೊಳವೆಯಿಂದ ಆವಿ ನುಗ್ಗಿದಂಥ ಸದ್ದು. ಎಷ್ಟೋ ನಿಮಿಷ ನಡೆದು ನಿಂತಿತು. ಹತ್ತನೇ ತರಗತಿ ಪರೀಕ್ಷೆಗೆ ಓದುತ್ತಿದ್ದ ಪಕ್ಕದ ಮನೆಯ ಹುಡುಗಿ ಪುಸ್ತಕ ಎದೆಗೆ ಒತ್ತಿಕೊಂಡೇ ಹೊರಗೆ ಬಂದಿದ್ದಳು. ಆಕೆಯ ಅಜ್ಜಿ ಕೇಳಿದ್ದು ಒಂದೇ ಮಾತು, ನಾವು ಈಗ ಹೊರಡಬೇಕಾ ಎಂದು. ಉತ್ತರ ಹೇಳಲು ಅಲ್ಲಿದ್ದ ಯಾರಿಗೂ ತಿಳಿದಿರಲಿಲ್ಲ. ಅದು ಎಲ್ಲಿಂದ ಬಂದ ಸದ್ದು ಎಂದು ನಾನು ಇಂದಿಗೂ ಖಚಿತವಾಗಿ ಹೇಳಲಾರೆ, ಆದ್ದರಿಂದ ಯಾರ ಮೇಲೂ ಹೊರಿಸುವುದಿಲ್ಲ. ಉಗಿಯಿಂದ ನಡೆಯುವ ಯಾವುದೇ ಸ್ಥಾವರದಲ್ಲಿ ಟರ್ಬೈನ್ ತಟ್ಟನೆ ನಿಂತರೆ ಹೆಚ್ಚುವರಿ ಉಗಿಯನ್ನು ಹೊರಬಿಡುವ ಕವಾಟಗಳು ತೆರೆದುಕೊಳ್ಳುತ್ತವೆ. ಅದು ಸುರಕ್ಷತೆಗಾಗಿ ಮಾಡಿಟ್ಟ ವ್ಯವಸ್ಥೆ. ಡೀಸೆಲ್ ಜನರೇಟರುಗಳನ್ನು ಆಗಾಗ ಓಡಿಸಿ ನೋಡುವುದೂ ಸುರಕ್ಷತೆಗೇ. ಅಣೆಕಟ್ಟಿನ ಗೇಟು ತೆರೆಯುವ ಮುಂಚೆ ಮೊಳಗುವ ಸೈರನ್, ಬಂಡೆ ಒಡೆಯುವ ಸ್ಫೋಟ, ಕಾರವಾರ–ಇಳಕಲ್ ಹೆದ್ದಾರಿಯಲ್ಲಿ ಏದುಸಿರು ಬಿಡುತ್ತ ಏರುವ ಭಾರದ ಲಾರಿಗಳು ಬೇರೆ. ಯಾವ ಸದ್ದು ಯಾವುದು ಎಂದು ಗೊತ್ತಿದ್ದರೆ ಆ ಅಜ್ಜಿ ಹೆದರುತ್ತಿರಲಿಲ್ಲ. ಅಣು ಸ್ಥಾವರದ ಪಕ್ಕದ ಊರಿನಲ್ಲಿ ವಿವರಣೆಯಿಲ್ಲದ ಸದ್ದು ಬರೀ ಕಿರಿಕಿರಿಯಲ್ಲ, ಅದು ಜೀವಭಯ.

ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬೆಲ್, ರಾತ್ರಿ 10ರಿಂದ ಬೆಳಗಿನ 6ರವರೆಗೆ 45 ಡೆಸಿಬೆಲ್ ಮಿತಿ. ಕೈಗಾರಿಕಾ ಪ್ರದೇಶಕ್ಕೆ 75 ಮತ್ತು 70. ಮಲ್ಲಾಪುರ, ಕದ್ರಾ, ವಿರ್ಜೆ ಮೊದಲಾದ ಊರುಗಳು ವಸತಿ ಪ್ರದೇಶಗಳೇ, ಅದರಲ್ಲಿ ಅನುಮಾನಕ್ಕೆ ಎಡೆಯಿಲ್ಲ. ಆದರೆ ಈ ಮಿತಿಯನ್ನು ಒಂದು ಅವಧಿಯ ಸರಾಸರಿಯಾಗಿ ಲೆಕ್ಕ ಹಾಕುತ್ತಾರೆ. ನಾಲ್ಕು ನಿಮಿಷದ ಭೋರ್ಗರೆತ ಎಂಟು ಗಂಟೆಯ ಮೌನದಲ್ಲಿ ಹಂಚಿಹೋದರೆ ಕಾಗದದ ಮೇಲೆ ಅದು ತೀರ ತಗ್ಗಿಬಿಡುತ್ತದೆ. ನೀರಿನ ಉಷ್ಣತೆಯ ಕತೆಯೂ ಇದೇ. ತಿಂಗಳ ಸರಾಸರಿ ಸೌಮ್ಯವಾಗಿ ಕಾಣುವಾಗ ಏಪ್ರಿಲ್ ಕೊನೆಯ ಒಂದು ಮಧ್ಯಾಹ್ನ ಮರಿಮೀನುಗಳ ಗುಂಪು ಸತ್ತಿರಬಹುದು. ಮಧ್ಯರಾತ್ರಿ 104 ಡಿಗ್ರಿ ಜ್ವರ ಬಂದ ಮಗುವಿನ ವಾರದ ಸರಾಸರಿ ತಾಪ ತೆಗೆದು ಆರೋಗ್ಯ ಸರಿಯಿದೆ ಎಂದು ಯಾವ ವೈದ್ಯರೂ ಬರೆಯುವುದಿಲ್ಲ. ಆದ್ದರಿಂದ ಅಳತೆ ಗಂಟೆಗಂಟೆಯದಾಗಿರಬೇಕು. ಗರಿಷ್ಠ ಎಷ್ಟು, ಎಷ್ಟು ಹೊತ್ತು, ಯಾವ ದಿನ ಎಂಬುದು ಪ್ರತ್ಯೇಕವಾಗಿ ಕಾಣಬೇಕು.

ಮಾಹಿತಿ ಕೇಳಿ ನಾನು ಕಚೇರಿಗಳಿಗೆ ಹೋಗಿದ್ದೇನೆ. ಒಂದು ಕಡೆ ಅದು ನಮ್ಮ ವ್ಯಾಪ್ತಿಗೆ ಬರುವುದಿಲ್ಲ ಎಂದರು. ಅವರು ತೋರಿಸಿದ ಇನ್ನೊಂದು ಕಡೆ, ಅಂಥ ಲೆಕ್ಕ ನಮ್ಮಲ್ಲಿ ಇರುವುದಿಲ್ಲ, ಮೊದಲಿನವರನ್ನೇ ಕೇಳಿ ಎಂದರು. ಆ ಕಚೇರಿಗಳನ್ನು ಹೆಸರಿಸಿ ಅಲ್ಲಿನ ಗುಮಾಸ್ತರನ್ನು ನೋಯಿಸುವ ಇಚ್ಛೆ ನನಗಿಲ್ಲ, ಮೇಜಿನ ಆಚೆ ಕೂತವರು ಸೌಜನ್ಯದಿಂದಲೇ ಮಾತನಾಡಿಸಿದರು. ಉತ್ತರಿಸಬೇಕಾದ ಜವಾಬ್ದಾರಿ ಯಾರಿಗೂ ಬರೆದುಕೊಟ್ಟಿಲ್ಲ ಎಂಬುದೇ ಇಲ್ಲಿಯ ಕೊರತೆ.

ಬೇರೆ ದೇಶಗಳಲ್ಲಿ ಇದನ್ನು ಹೇಗೆ ನಿಭಾಯಿಸಿದ್ದಾರೆ ಎಂದು ಓದಿ ತಿಳಿದುಕೊಂಡದ್ದನ್ನು ತಮ್ಮ ಮುಂದಿಡುತ್ತೇನೆ. ಅಮೆರಿಕದ ನ್ಯೂಯಾರ್ಕ್ ರಾಜ್ಯದ ಹಡ್ಸನ್ ನದಿಯ ದಂಡೆಯಲ್ಲಿ ಇಂಡಿಯನ್ ಪಾಯಿಂಟ್ ಎಂಬ ಅಣು ಸ್ಥಾವರವಿತ್ತು. ಅಲ್ಲಿನ ಮೀನುಗಾರರು, ಪರಿಸರ ಕಾಳಜಿಯವರು ಪಟ್ಟು ಹಿಡಿದ ಫಲವಾಗಿ, 1970ರ ದಶಕದಿಂದ ಹಡ್ಸನ್ ನದಿಯ ಮೀನು, ಮರಿ, ಮೊಟ್ಟೆಗಳ ಸಮೀಕ್ಷೆ ವರ್ಷವರ್ಷವೂ ನಡೆಯಿತು. ಖರ್ಚು ಹೊತ್ತವರು ವಿದ್ಯುತ್ ಕಂಪನಿಗಳೇ. 1980ರಲ್ಲಿ ಕಂಪನಿಗಳು, ಸರ್ಕಾರ, ಜನಸಂಘಟನೆಗಳು ಒಂದು ಒಪ್ಪಂದಕ್ಕೆ ಬಂದವು. 2010ರಲ್ಲಿ ನ್ಯೂಯಾರ್ಕ್ ರಾಜ್ಯ ಆ ಸ್ಥಾವರಕ್ಕೆ ನೀರಿನ ಗುಣಮಟ್ಟದ ಪ್ರಮಾಣಪತ್ರ ನಿರಾಕರಿಸಿದಾಗ ಮೀನಿನ ಹಾನಿಯೂ ಒಂದು ಮುಖ್ಯ ಕಾರಣವಾಗಿತ್ತು. 2021ರ ಏಪ್ರಿಲ್ 30ರಂದು ಸ್ಥಾವರದ ಕೊನೆಯ ಘಟಕ ನಿಂತಿತು. ಅದು ಮುಚ್ಚಿದ್ದು ಸರಿಯೇ ತಪ್ಪೇ ಎಂಬ ಬಗ್ಗೆ ಅಲ್ಲಿಯವರಲ್ಲೇ ಭಿನ್ನಾಭಿಪ್ರಾಯವಿದೆ, ನನಗೆ ಆ ವಾದ ಬೇಡ. ಎರಡೂ ಪಕ್ಷಗಳು ವಾದಿಸುವಾಗ ಕೈಯಲ್ಲಿ ದಶಕಗಳ ಮೀನಿನ ಲೆಕ್ಕವಿತ್ತು. ನಮ್ಮ ಕೈಯಲ್ಲಿ ಏನಿದೆ?

ಫ್ರಾನ್ಸ್ ನಮಗಿಂತ ಎಷ್ಟೋ ಪಟ್ಟು ಹೆಚ್ಚು ಅಣು ವಿದ್ಯುತ್ ಬಳಸುವ ದೇಶ. ಅಲ್ಲಿ ಗರೋನ್ ನದಿಯ ಗೋಲ್ಫೆಕ್ ಸ್ಥಾವರಕ್ಕೆ ನದಿಯ ಉಷ್ಣತೆ 28 ಡಿಗ್ರಿ ಮೀರಬಾರದು ಎಂಬ ಕಟ್ಟಳೆ ಇದೆ. ಬೇಸಿಗೆಯಲ್ಲಿ ನದಿ ಕಾದಾಗ ಉತ್ಪಾದನೆ ತಗ್ಗಿಸುತ್ತಾರೆ. 2022ರ ಭೀಕರ ಸೆಕೆಯಲ್ಲಿ ಐದು ಸ್ಥಾವರಗಳಿಗೆ ತಾತ್ಕಾಲಿಕ ವಿನಾಯಿತಿ ಕೊಟ್ಟಾಗಲೂ ನದಿಯ ಮೇಲಿನ ನಿಗಾವನ್ನು ಹೆಚ್ಚಿಸಬೇಕೆಂಬ ಷರತ್ತಿನ ಮೇಲೆಯೇ ಕೊಟ್ಟರು. ಪ್ರತಿ ಅಣು ಸ್ಥಾವರಕ್ಕೂ ಸ್ಥಳೀಯ ಮಾಹಿತಿ ಆಯೋಗ ಎಂಬುದೊಂದು ಇದೆ. ಚುನಾಯಿತ ಪ್ರತಿನಿಧಿಗಳು, ಪರಿಸರ ಸಂಘಟನೆಗಳು, ಕಾರ್ಮಿಕ ಸಂಘಗಳು, ತಜ್ಞರು ಅದರಲ್ಲಿ ಕೂರುತ್ತಾರೆ. 2006ರ ಕಾನೂನು ಅದಕ್ಕೆ ಗಟ್ಟಿಯಾದ ಅಧಿಕಾರ ಕೊಟ್ಟಿದೆ. ಅಣು ವಿದ್ಯುತ್ತನ್ನು ಇಷ್ಟು ನೆಚ್ಚಿಕೊಂಡ ದೇಶವೇ ಜನರ ಮುಂದೆ ಲೆಕ್ಕ ಬಿಚ್ಚಿಡಲು ಹೆದರದಿರುವಾಗ ನಾವೇಕೆ ಹಿಂಜರಿಯಬೇಕು?

ನಮ್ಮಲ್ಲಿಯೂ ನಿಯಮಗಳಿಗೆ ಬರವಿಲ್ಲ. ಉಷ್ಣ ವಿದ್ಯುತ್ ಸ್ಥಾವರಗಳ ಬಗ್ಗೆ ಕೇಂದ್ರ ಪರಿಸರ ಸಚಿವಾಲಯ 1998ರಲ್ಲಿ ಹೊರಡಿಸಿದ ಅಧಿಸೂಚನೆಯು, 1999ರ ಜೂನ್ ನಂತರ ಶುರುವಾಗುವ ಸ್ಥಾವರಗಳು ನದಿ, ಕೆರೆ, ಜಲಾಶಯದ ನೀರು ಬಳಸುವುದಾದರೆ ಕೂಲಿಂಗ್ ಟವರ್ (ಬಿಸಿ ನೀರನ್ನು ತಣಿಸುವ ಗೋಪುರ) ಕಟ್ಟಲೇಬೇಕು ಎನ್ನುತ್ತದೆ. ಹಳೆಯ ಸ್ಥಾವರಗಳಲ್ಲಿ ಕಂಡೆನ್ಸರಿಗೆ ಹೋಗುವ ಮತ್ತು ಹೊರಬರುವ ನೀರಿನ ನಡುವೆ 10 ಡಿಗ್ರಿಗಿಂತ ಹೆಚ್ಚು ವ್ಯತ್ಯಾಸ ಇರಬಾರದು ಎನ್ನುತ್ತದೆ. ಕೈಗಾದ ನಾಲ್ಕು ಘಟಕಗಳಿಗೆ ಅನ್ವಯವಾಗುವ ಮಿತಿ ಯಾವುದು, ಅದನ್ನು ಎಲ್ಲಿ ನಿಂತು ಅಳೆಯುತ್ತಾರೆ, ಮೀರಿದರೆ ಮಾಡಬೇಕಾದದ್ದೇನು ಎಂಬ ಮೂರು ಪ್ರಶ್ನೆಗಳಿಗೆ ಸರಳ ಕನ್ನಡದಲ್ಲಿ ಒಂದು ಪುಟದ ಉತ್ತರ ಪ್ರಕಟಿಸಿದರೆ ಅರ್ಧ ಅನುಮಾನ ಅಂದೇ ಕರಗುತ್ತದೆ.

ಇದನ್ನು ಈಗಲೇ ಮಾಡಬೇಕು ಎಂದು ನಾನು ಒತ್ತಾಯಿಸುವುದಕ್ಕೆ ಕಾರಣವಿದೆ. ತಲಾ 700 ಮೆಗಾವ್ಯಾಟಿನ 5 ಮತ್ತು 6ನೇ ಘಟಕಗಳು ಬರುತ್ತಿವೆ. 2017ರಲ್ಲಿ ಕೇಂದ್ರ ಸಂಪುಟ ಒಪ್ಪಿದ ಹತ್ತು ರಿಯಾಕ್ಟರುಗಳಲ್ಲಿ ಇವೂ ಸೇರಿವೆ. 2018ರ ಡಿಸೆಂಬರಿನಲ್ಲಿ ಸಾರ್ವಜನಿಕ ಅಹವಾಲು ಸಭೆ ನಡೆಯಿತು, ಮರುವರ್ಷ ಪರಿಸರ ಅನುಮತಿ ಸಿಕ್ಕಿತು. ಇವು ಸೇರಿದರೆ ಕೈಗಾದ ಸಾಮರ್ಥ್ಯ 880ರಿಂದ 2,280 ಮೆಗಾವ್ಯಾಟಿಗೆ ಏರುತ್ತದೆ. ಅಗೆತ, ಸಾಗಾಟ, ಕಾಂಕ್ರೀಟ್ ಕೆಲಸ ವರ್ಷಗಟ್ಟಲೆ ನಡೆಯುತ್ತದೆ. ಆ ಬಳಿಕ ನೀರಿನ ಬಳಕೆ ಹೆಚ್ಚುತ್ತದೆ. ಕೂಲಿಂಗ್ ಟವರುಗಳು ಬಂದರೆ ನದಿಯ ಮೇಲಿನ ಬಿಸಿಯ ಹೊರೆ ತಗ್ಗಬಹುದು, ಆದರೆ ಆವಿಯಾಗಿ ಹೋಗುವ ನೀರಿನ ಪ್ರಮಾಣ ಏರುತ್ತದೆ, ಟವರಿನೊಳಗೆ ಬೀಳುವ ನೀರಿನ ಸದ್ದು ನಿರಂತರವಾಗುತ್ತದೆ. ಹೊಸ ಘಟಕಗಳು ಬರುವ ಮೊದಲು ನದಿ ಹೇಗಿತ್ತು, ರಾತ್ರಿ ಹೇಗಿತ್ತು ಎಂದು ಇಂದು ಬರೆದಿಡದಿದ್ದರೆ ಮುಂದೆ ಯಾವ ವಿಜ್ಞಾನಿಯೂ, ಯಾವ ನ್ಯಾಯಾಲಯವೂ ಅದನ್ನು ಮರಳಿ ಕಟ್ಟಿಕೊಡಲಾರದು. ಹಳೆಯ ನಾಲ್ಕು ಘಟಕಗಳ ವಿಷಯದಲ್ಲಿ ವಿಕಿರಣದ ಮೂಲಮಟ್ಟವನ್ನು ಮುಂಚೆಯೇ ಅಳೆದಿಟ್ಟ ಜಾಣ್ಮೆ ಮೀನು ಮತ್ತು ಸದ್ದಿನ ವಿಷಯದಲ್ಲೂ ತೋರಬೇಕಾದ ಹೊತ್ತು ಇದು.

ಹಾಗಾಗಿ ತಮ್ಮಲ್ಲಿ ನನ್ನ ಕೋರಿಕೆ ಹೀಗಿದೆ. ಕೊಡಸಳ್ಳಿಯ ಕೆಳಗೆ, ನೀರೆತ್ತುವಲ್ಲಿ, ಬಿಸಿನೀರು ಬೀಳುವಲ್ಲಿ, ಜಲಾಶಯದ ಮಧ್ಯದಲ್ಲಿ ಮತ್ತು ಕದ್ರಾ ಅಣೆಕಟ್ಟಿನ ಕೆಳಗೆ ನೀರಿನ ಉಷ್ಣತೆ ಹಾಗೂ ಕರಗಿದ ಆಮ್ಲಜನಕವನ್ನು ಗಂಟೆಗಂಟೆಗೂ ದಾಖಲಿಸುವ ಉಪಕರಣ ಇಡಿಸಿ. ಮೇಲ್ಮೈಯಲ್ಲಿ ಮಾತ್ರವಲ್ಲ, ಆಳದಲ್ಲೂ ಅಳೆಯಲಿ. ಕೊಡಸಳ್ಳಿಯ ಕೆಳಗಿನದು ಬಹಳ ಮುಖ್ಯ, ಏಕೆಂದರೆ ಸ್ಥಾವರದ ಬಿಸಿ ತಾಗದ ನೀರು ಹೇಗಿರುತ್ತದೆ ಎಂದು ಹೋಲಿಸಿ ನೋಡಲು ಅದೊಂದೇ ಜಾಗ. ಕದ್ರಾ ಜಲಾಶಯದ ಪೂರ್ಣಮಟ್ಟ 34.5 ಮೀಟರ್. ಅದು ಎಷ್ಟು ಇಳಿದಾಗ ಉಷ್ಣತೆ ಎಷ್ಟು ಏರುತ್ತದೆ ಎಂಬುದನ್ನು ಅಣೆಕಟ್ಟಿನವರ ಲೆಕ್ಕದೊಂದಿಗೆ ಜೋಡಿಸಿ ತೋರಿಸಲಿ.

ಮೀನಿನ ಸಮೀಕ್ಷೆಯನ್ನು ಸ್ಥಾವರಕ್ಕೂ ಅಣೆಕಟ್ಟಿಗೂ ಸಂಬಂಧವಿಲ್ಲದ ಸಂಸ್ಥೆಗೆ ವಹಿಸಿ. ಕಾರವಾರದ ಕೋಡಿಬಾಗದಲ್ಲೇ ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವಶಾಸ್ತ್ರ ವಿಭಾಗವಿದೆ, ಮಂಗಳೂರಿನಲ್ಲಿ ಮೀನುಗಾರಿಕಾ ಕಾಲೇಜಿದೆ. ದೂರದಿಂದ ಯಾರನ್ನೂ ಕರೆಸಬೇಕಿಲ್ಲ. ಬೇಸಿಗೆ, ಮಳೆಗಾಲ, ಚಳಿಗಾಲ ಮೂರರಲ್ಲೂ, ಅದರಲ್ಲೂ ಮೊಟ್ಟೆಯಿಡುವ ಮಳೆಗಾಲದ ತಿಂಗಳುಗಳಲ್ಲಿ ತಪ್ಪದೆ, ಜಾತಿವಾರು ಎಣಿಕೆ ನಡೆಯಬೇಕು. ಜರಡಿಗಳಿಗೆ ಸಿಕ್ಕಿದ ಮೀನಿನ ಲೆಕ್ಕವೂ ಸೇರಬೇಕು. ಜೊತೆಗೆ ಬಲೆ ಬೀಸುವವರ ಮನೆಗಳಿಗೆ ಒಂದೊಂದು ದಿನಚರಿ ಪುಸ್ತಕ ಕೊಟ್ಟು, ಏನು ಸಿಕ್ಕಿತು, ಎಲ್ಲಿ, ಎಷ್ಟು ಎಂದು ಬರೆಯಲು ಹೇಳಿ. ಅದಕ್ಕೆ ಗೌರವಧನ ಕೊಡಿ. ಪಾದದಿಂದಲೇ ನೀರಿನ ತಂಪು ಬಲ್ಲವರ ತಿಳಿವಳಿಕೆಗೆ ಸರ್ಕಾರದ ಪುಸ್ತಕದಲ್ಲಿ ಒಂದು ಸಾಲು ಸಿಗಲಿ.

ಸದ್ದಿಗೆ ಸಂಬಂಧಿಸಿ ಮಲ್ಲಾಪುರ, ಕದ್ರಾ ಮತ್ತು ಸ್ಥಾವರಕ್ಕೆ ಹತ್ತಿರದ ಹಳ್ಳಿಗಳಲ್ಲಿ ಹಗಲೂ ರಾತ್ರಿ ನಡೆಯುವ ಶಬ್ದಮಾಪಕಗಳನ್ನು ಮಾಲಿನ್ಯ ನಿಯಂತ್ರಣ ಮಂಡಳಿಯಿಂದ ಹಾಕಿಸಿ. ಮೊದಲೇ ಗೊತ್ತಿರುವ ಜನರೇಟರ್ ಪರೀಕ್ಷೆ, ಸ್ಫೋಟ, ಸೈರನ್ ಪರೀಕ್ಷೆಗಳ ವೇಳೆಯನ್ನು ಹಿಂದಿನ ದಿನವೇ ಪಂಚಾಯಿತಿಗೆ ತಿಳಿಸುವ ಏರ್ಪಾಡು ಮಾಡಿ. ಅನಿರೀಕ್ಷಿತವಾಗಿ ದೊಡ್ಡ ಸದ್ದು ಆದರೆ ಒಂದು ಗಂಟೆಯೊಳಗೆ ಅದು ಏನು, ಅಪಾಯವಿದೆಯೇ ಇಲ್ಲವೇ ಎಂದು ಊರಿನವರ ಮೊಬೈಲಿಗೆ ಕನ್ನಡದಲ್ಲಿ ಸಂದೇಶ ಬರಲಿ. ಖರ್ಚು ಹೆಚ್ಚಿಲ್ಲ, ಆ ಅಜ್ಜಿಯ ಪ್ರಶ್ನೆಗೆ ಉತ್ತರ ಸಿಗುತ್ತದೆ.

ಇವೆಲ್ಲದರ ಫಲಿತಾಂಶ ತಿಂಗಳಿಗೊಮ್ಮೆ ಗ್ರಾಮ ಪಂಚಾಯಿತಿಯ ಫಲಕದ ಮೇಲೆ ಕಾಣಬೇಕು. ಪರಿಸರ ಅನುಮತಿ ಪಡೆದ ಯೋಜನೆಗಳು ಪ್ರತಿವರ್ಷ ಜೂನ್ 1 ಮತ್ತು ಡಿಸೆಂಬರ್ 1ರಂದು ಷರತ್ತುಗಳ ಪಾಲನಾ ವರದಿ ಸಲ್ಲಿಸಬೇಕೆಂದು ನಮ್ಮ ಕೇಂದ್ರ ಪರಿಸರ ಸಚಿವಾಲಯದ 2006ರ ಅಧಿಸೂಚನೆ ಹೇಳುತ್ತದೆ. ಆ ವರದಿಯ ಕನ್ನಡ ಸಾರಾಂಶ ನಮ್ಮ ಗ್ರಂಥಾಲಯಕ್ಕೂ ಬರಲಿ. ಮೀನುಗಾರರು, ಮೀನು ಮಾರುವ ಹೆಂಗಸರು, ಪಂಚಾಯಿತಿ ಸದಸ್ಯರು, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು, ಸ್ಥಾವರದ ಮತ್ತು ಅಣೆಕಟ್ಟಿನ ಅಧಿಕಾರಿಗಳು ಮೂರು ತಿಂಗಳಿಗೊಮ್ಮೆ ಕೂಡುವ ಸಮಿತಿಯೊಂದನ್ನು ತಮ್ಮ ಅಧ್ಯಕ್ಷತೆಯಲ್ಲಿ ರಚಿಸಿ. ಅಳತೆ ಮಿತಿ ಮೀರಿದರೆ ಯಾರು ಏನು ಮಾಡಬೇಕು ಎಂಬುದನ್ನು ಆ ಸಮಿತಿಯ ಮೊದಲ ಸಭೆಯಲ್ಲೇ ಬರೆದು ನಿಶ್ಚಯಿಸಬೇಕು. ಮೀರಿದಾಗ ಏನೂ ಆಗುವುದಿಲ್ಲ ಎಂದಾದರೆ ಅಳೆಯುವ ಶ್ರಮವೇ ದಂಡ.

ಭದ್ರತೆಯ ಮಾತು ಬರಬಹುದು ಎಂದು ಬಲ್ಲೆ. ಬೇಲಿಯೊಳಗಿನ ಯಾವ ರಹಸ್ಯವನ್ನೂ ನಾನು ಕೇಳುತ್ತಿಲ್ಲ. ನದಿಯ ನೀರು, ಅದರ ಮೀನು, ನಮ್ಮ ಅಂಗಳಕ್ಕೆ ಬಂದು ಬೀಳುವ ಸದ್ದು ಬೇಲಿಯ ಹೊರಗಿನವು. ಜನ ಗಾಬರಿಯಾಗುತ್ತಾರೆ ಎಂಬ ಮಾತೂ ಬರಬಹುದು. ಸುಪಾ, ಕೊಡಸಳ್ಳಿ, ಕದ್ರಾ, ಕೈಗಾ, ಸೀಬರ್ಡ್ ನೌಕಾನೆಲೆ ಎಂದು ಯೋಜನೆಯ ಮೇಲೆ ಯೋಜನೆಗೆ ನೆಲ ಬಿಟ್ಟುಕೊಟ್ಟ ಜಿಲ್ಲೆ ಇದು. 2019ರ ಆಗಸ್ಟಿನಲ್ಲಿ ಕದ್ರಾದ ಗೇಟು ತೆರೆದಾಗ ಮನೆಯೊಳಗೆ ನುಗ್ಗಿದ ನೀರಿನಲ್ಲಿ ನಿಂತು ಮಕ್ಕಳನ್ನು ಮೇಲಕ್ಕೆತ್ತಿದ ಜನ ನಾವು. ಅಂಕಿ ನೋಡಿ ನಾವು ಗಾಬರಿಯಾಗುವುದಿಲ್ಲ. ಏನೂ ಹೇಳದಿದ್ದಾಗ ಗಾಬರಿಯಾಗುತ್ತೇವೆ. ಅಳತೆಯಿಂದ ಎಲ್ಲವೂ ಮಿತಿಯೊಳಗಿದೆ ಎಂದು ತಿಳಿದರೆ ಅದನ್ನು ಶಾಲೆಯಲ್ಲಿ ಮಕ್ಕಳಿಗೆ, ಸಂತೆಯಲ್ಲಿ ಮೀನು ಕೊಳ್ಳಲು ಹಿಂಜರಿಯುವ ಗಿರಾಕಿಗೆ ಮೊದಲು ಹೇಳುವವನು ನಾನೇ.

ಮುಂದಿನ ಬೇಸಿಗೆಯಲ್ಲಿ ಜಲಾಶಯ ತಗ್ಗುವ ಮುಂಚೆ ಉಷ್ಣತೆಯ ಉಪಕರಣಗಳು, ಅದರ ಬೆನ್ನಿಗೆ ಬರುವ ಮಳೆಗಾಲಕ್ಕೆ ಮೀನಿನ ಮೊದಲ ಸಮೀಕ್ಷೆ ಶುರುವಾಗಬೇಕು. ಆ ಸಲುವಾಗಿ ಸಂಬಂಧಪಟ್ಟ ಎಲ್ಲ ಇಲಾಖೆಗಳ ಮತ್ತು ಗ್ರಾಮಸ್ಥರ ಸಭೆಯೊಂದನ್ನು ಮಲ್ಲಾಪುರದಲ್ಲಿ, ದುಡಿಯುವವರೂ ಬರಲು ಅನುವಾಗುವಂತೆ ಭಾನುವಾರದಂದು ಕರೆಯಬೇಕೆಂದು ವಿನಂತಿಸುತ್ತೇನೆ. ದಿನಾಂಕವನ್ನು ಪಂಚಾಯಿತಿ ಮೂಲಕ ತಿಳಿಸಿದರೆ ಸಾಕು. ಬಲೆ ಬೀಸುವವರನ್ನೂ ಮೀನು ಮಾರುವವರನ್ನೂ ಕರೆದುಕೊಂಡು ಬರುವ ಹೊಣೆ ನನ್ನದು.

ಇಂತಿ ತಮ್ಮ ವಿಶ್ವಾಸಿ,
ಕಾಳಿ ನದಿದಂಡೆಯ ಒಬ್ಬ ಶಾಲಾ ಶಿಕ್ಷಕ

ಪ್ರತಿಗಳು: ಕೈಗಾ ಸ್ಥಾವರದ ನಿರ್ದೇಶಕರು; ಪರಮಾಣು ಶಕ್ತಿ ನಿಯಂತ್ರಣ ಮಂಡಳಿ, ಮುಂಬೈ; ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ; ಕರ್ನಾಟಕ ವಿದ್ಯುತ್ ನಿಗಮ; ಮೀನುಗಾರಿಕೆ ಇಲಾಖೆ, ಕಾರವಾರ.